ಹಳೇ ಫೋಟೋಗೆ ಕಟ್ಟು ಹಾಕಿಸುವ ಮುಂಚೆ: ಮೌಂಟ್, ಗಾಜು, ಫ್ರೇಮ್ ಆರಿಸುವುದು ಹೀಗೆ

ಮನೆಗೆ ಸುಣ್ಣಬಣ್ಣ ಮುಗಿದಾಗ, ಇಲ್ಲಾ ಗೃಹಪ್ರವೇಶ ಹತ್ತಿರ ಬಂದಾಗ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಅಜ್ಜ ಅಜ್ಜಿ ಕಾಲದ ಫೋಟೋ ಒಂದಷ್ಟಿವೆ. ನಾವೇ ತೆಗೆದ ಕೋಟೆ ಫೋಟೋಗಳೂ ಇವೆ. ಎಲ್ಲಾ ಸೇರಿಸಿ ಹಾಲ್‌ನ ಒಂದು ಗೋಡೆಗೆ ಹಾಕಬೇಕು. ಯಾವ ಫ್ರೇಮ್ ತಗೊಳ್ಳೋದು?" ದಾವಣಗೆರೆಯವರೂ ಇದನ್ನೇ ಕೇಳುತ್ತಾರೆ, ದುರ್ಗದವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಫ್ರೇಮ್ ಆರಿಸುವುದು ಕೊನೆಯ ಕೆಲಸ. ಅಂಗಡಿಗೆ ಕಾಲಿಟ್ಟ ತಕ್ಷಣ ಬಂಗಾರದ ಬಣ್ಣದ ಪಟ್ಟಿಗಳ ಕಡೆ ಕಣ್ಣು ಹೋಗುತ್ತದೆ, ದುಡ್ಡೂ ಅಲ್ಲೇ ಹೋಗುತ್ತದೆ. ಆದರೆ ಫೋಟೋ ಉಳಿಯುತ್ತದೋ ಹಾಳಾಗುತ್ತದೋ ಅನ್ನುವುದು ಫೋಟೋಗೆ ತಾಗಿಕೊಂಡಿರುವ ರಟ್ಟು, ಅದರ ಹಿಂದಿನ ಹಲಗೆ, ಅದಕ್ಕೆ ಬಳಸಿದ ಅಂಟು, ಇವುಗಳ ಮೇಲೆ ನಿಂತಿದೆ. ಇವು ಯಾವುವೂ ಹೊರಗೆ ಕಾಣುವುದಿಲ್ಲ. ನಿಮ್ಮ ಬಜೆಟ್ ಎಷ್ಟೇ ಇರಲಿ, ಕಾಣುವ ಪಟ್ಟಿಯಲ್ಲಿ ಉಳಿಸಿ, ಕಾಣದ ಒಳಗಿನ ಸಾಮಾನಿಗೆ ಹಾಕಿ.

ಅಂಗಡಿಯಲ್ಲಿ ಕಿವಿಗೆ ಬೀಳುವ ನಾಲ್ಕು ಪದ ಗೊತ್ತಿರಲಿ. ಪಟ್ಟಿ ಅಥವಾ ಬೀಡಿಂಗ್ ಅಂದರೆ ಫ್ರೇಮಿನ ನಾಲ್ಕು ಬದಿಯ ಮರ, ಫೈಬರ್ ಇಲ್ಲವೇ ಅಲ್ಯೂಮಿನಿಯಂ. ಮೌಂಟ್ ಅಂದರೆ ಫೋಟೋಗೂ ಪಟ್ಟಿಗೂ ನಡುವೆ ಅಗಲವಾಗಿ ಕಾಣುವ ದಪ್ಪ ರಟ್ಟು. ಫೋಟೋ ಕಾಣಲೆಂದು ಅದರ ಮಧ್ಯೆ ಕತ್ತರಿಸಿದ ಜಾಗಕ್ಕೆ ಕಿಟಕಿ ಅನ್ನೋಣ. ಬ್ಯಾಕಿಂಗ್ ಅಂದರೆ ಎಲ್ಲಕ್ಕಿಂತ ಹಿಂದೆ ಬರುವ ಹಾರ್ಡ್‌ಬೋರ್ಡ್ ಅಥವಾ ಎಂಡಿಎಫ್ ಹಲಗೆ. ಪಟ್ಟಿಯ ಹಿಂಬದಿಯಲ್ಲಿ ಗಾಜು ಕೂರಲು ಕೊರೆದಿರುವ ಜಾಗವೇ ಕಚ್ಚು.

ಮನೆಯಲ್ಲಿ ಬೇಕಾಗುವ ಸಾಮಾನು ಇಷ್ಟೇ: ಅಳತೆ ಟೇಪು, ಮೆತ್ತನೆಯ ಹತ್ತಿ ಬಟ್ಟೆ, ಚಿಕ್ಕ ಇಕ್ಕಳ, ಮೆತ್ತನೆಯ ಬ್ರಷ್, ಪೆನ್ಸಿಲ್, ಹಳೇ ಪೇಪರ್, ಕತ್ತರಿ, ಗಾರೆ ಕೆಲಸದವರ ರಸಮಟ್ಟ. ರಸಮಟ್ಟ ಇಲ್ಲದಿದ್ದರೆ ಫೋನಿನಲ್ಲಿರುವ ಮಟ್ಟ ನೋಡುವ ಆ್ಯಪ್ ಸಾಕು.

1. ಫೋಟೋಗಳನ್ನು ಮೂರು ಗುಂಪು ಮಾಡಿ

ಒಂದು ಗುಂಪಿಗೆ ನೆಗೆಟಿವ್ ಇಲ್ಲದ, ಒಂದೇ ಒಂದು ಪ್ರತಿ ಇರುವ ಹಳೇ ಫೋಟೋಗಳು. ಎರಡನೆಯದಕ್ಕೆ ಮತ್ತೆ ಪ್ರಿಂಟ್ ಹಾಕಿಸಬಹುದಾದವು. ಮೂರನೆಯದಕ್ಕೆ ಫೋನಿನಲ್ಲಿ, ಕ್ಯಾಮೆರಾದಲ್ಲಿ ಇರುವವು.

ಮೊದಲನೇ ಗುಂಪಿನ ಅಸಲಿ ಫೋಟೋವನ್ನು ಗೋಡೆಗೆ ಹಾಕಬೇಡಿ ಅನ್ನುವುದು ನನ್ನ ಸಲಹೆ. ಸ್ಕ್ಯಾನ್ ಮಾಡಿಸಿ, ಅದರ ಪ್ರಿಂಟ್‌ಗೆ ಕಟ್ಟು ಹಾಕಿಸಿ. ಅಸಲಿಯನ್ನು ಆಸಿಡ್ ಇಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ. "ಅಜ್ಜನ ಕೈ ಮುಟ್ಟಿದ ಫೋಟೋನೇ ಗೋಡೆ ಮೇಲಿರಬೇಕು" ಅನ್ನುವವರು ಇದ್ದೇ ಇರುತ್ತಾರೆ, ಆ ಆಸೆ ತಪ್ಪಲ್ಲ. ಹಾಗಿದ್ದರೆ ಮುಂದೆ ಮೌಂಟ್ ಬಗ್ಗೆ ಬರೆದಿರುವುದನ್ನು ಚಾಚೂ ತಪ್ಪದೆ ಮಾಡಿ.

1970-80ರ ದಶಕದ ಬಣ್ಣದ ಫೋಟೋಗಳ ಸ್ಕ್ಯಾನ್ ಮಾತ್ರ ತಡ ಮಾಡಬೇಡಿ. ಅವು ಆಲ್ಬಮ್‌ನ ಕತ್ತಲಲ್ಲಿದ್ದರೂ ಕೆಂಪಗಾಗುತ್ತವೆ. ಆಗಿನ ಬಣ್ಣದ ಪ್ರಿಂಟ್‌ಗಳಲ್ಲಿ ನೀಲಿ-ಹಸಿರು ಛಾಯೆ ಕೊಡುವ ಡೈ ತಾನೇ ತಾನಾಗಿ ಮಾಸಿ, ಕೆಂಪು ಉಳಿದುಕೊಳ್ಳುತ್ತದೆ. ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯ ಸಣ್ಣ ಕಣಗಳಿಂದ. ಅದಕ್ಕೇ ಅಪ್ಪನ ಮದುವೆಯ ಬಣ್ಣದ ಫೋಟೋ ಮಾಸಿದ್ದರೂ ಅಜ್ಜನ ಕಪ್ಪು-ಬಿಳುಪು ಫೋಟೋ ಇನ್ನೂ ಗಟ್ಟಿಯಾಗಿರುತ್ತದೆ.

2. ಹಳೇ ಕಟ್ಟು ಬಿಚ್ಚುವುದು

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಫ್ರೇಮನ್ನು ಬೋರಲು ಮಲಗಿಸಿ. ಹಿಂದಿನ ಚಿಕ್ಕ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆಯಿರಿ. ಮೊಳೆ ತುಕ್ಕು ಹಿಡಿದು ಬಾರದಿದ್ದರೆ ಜಗ್ಗಬೇಡಿ, ಗಾಜು ಒಡೆದು ಫೋಟೋ ಗೀಚಿಹೋಗುತ್ತದೆ. ಮೊಳೆಯನ್ನು ಅಂಚಿನ ಕಡೆಗೆ ಮಡಚಿ ಹಲಗೆ ಬಿಡಿಸಿಕೊಳ್ಳಿ.

ಹಲಗೆ ತೆಗೆದಾಗ ಒಳಗೆ ಸಾಮಾನ್ಯವಾಗಿ ಮಡಚಿದ ಹಳೇ ಪತ್ರಿಕೆ ಸಿಗುತ್ತದೆ. ಗಾಜು ಅಲ್ಲಾಡದಿರಲಿ ಅಂತ ಆಗಿನವರು ಅದನ್ನೇ ತುಂಬುತ್ತಿದ್ದರು. ಎಸೆಯುವ ಮುಂಚೆ ಅದರ ತಾರೀಖು ನೋಡಿ, ಫೋಟೋಗೆ ಯಾವಾಗ ಕಟ್ಟು ಹಾಕಿಸಿದ್ದು ಅಂತ ಅಂದಾಜು ಸಿಗುತ್ತದೆ. ಫೋಟೋದ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಹೆಸರು, ಊರು ಬರೆದಿರುವುದೂ ಉಂಟು. ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಪತ್ರಿಕೆಯನ್ನು ಮಾತ್ರ ಮತ್ತೆ ಒಳಗೆ ಹಾಕಬೇಡಿ. ಪತ್ರಿಕೆ ಕಾಗದದಲ್ಲಿ ಆಸಿಡ್ ಜಾಸ್ತಿ, ಅದು ಫೋಟೋಗೆ ಇಳಿಯುತ್ತದೆ.

ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ? ಎಳೆಯಲೇಬೇಡಿ. ಫೋಟೋದ ಮೇಲ್ಮೈ ಜೆಲಾಟಿನ್‌ನದು. ತೇವ ತಗುಲಿದಾಗ ಅದು ಉಬ್ಬಿ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದೆ, ಒಣಗಿದ ಮೇಲೆ ಬಿಡುವುದಿಲ್ಲ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ನೀರಲ್ಲಿ ನೆನೆಸಿ, ಹೇರ್ ಡ್ರೈಯರ್ ಹಿಡಿಯಿರಿ ಅನ್ನುವ ಸಲಹೆಗಳನ್ನು ಒಂದೇ ಪ್ರತಿ ಇರುವ ಫೋಟೋ ಮೇಲೆ ಪ್ರಯೋಗ ಮಾಡಬೇಡಿ. ಗಾಜನ್ನು ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಗಾಜೂ ಫೋಟೋವೂ ಹಾಗೇ ಒಟ್ಟಿಗೆ ಇರಲಿ.

ಕೈಯಿಂದ ಬಣ್ಣ ಹಚ್ಚಿದ ಹಳೇ ಸ್ಟುಡಿಯೋ ಫೋಟೋಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕೆನ್ನೆಯ ಕೆಂಪು, ಸೀರೆಯ ಅಂಚು ಬಟ್ಟೆಗೆ ಬಂದುಬಿಡುತ್ತದೆ. ಒಣ ಬ್ರಷ್ ಸಾಕು.

3. ಸ್ಕ್ಯಾನ್ ಮತ್ತು ಪ್ರಿಂಟ್

ಚಿಕ್ಕ ಫೋಟೋಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ದಾಖಲಾಗುತ್ತದೆ ಅನ್ನುವ ಲೆಕ್ಕ. 4x6 ಇಂಚಿನ ಫೋಟೋವನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ 2400x3600 ಚುಕ್ಕಿ ಸಿಗುತ್ತದೆ. ಪ್ರಿಂಟಿಗೆ 300 ಡಿಪಿಐ ಬೇಕು ಅಂದುಕೊಂಡರೆ ಅದರಿಂದ 8x12 ಇಂಚಿನ ಪ್ರಿಂಟ್ ಚೆನ್ನಾಗಿ ಬರುತ್ತದೆ.

ಫೋನಿನ ಫೋಟೋಗಳಲ್ಲಿ ಎರಡು ಕಡೆ ಜನ ಎಡವುತ್ತಾರೆ. 2022ರಲ್ಲಿ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿದ್ದಾಗ, 1933ರ ನಂತರ ಮೊದಲ ಸಲ ಅಂತ ಚಿತ್ರದುರ್ಗ ಜಿಲ್ಲೆಯ ಜನವೆಲ್ಲಾ ಹೋಗಿ ಫೋಟೋ ತೆಗೆದುಕೊಂಡು ಬಂದರು. ಆ ಫೋಟೋಗಳು ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ದಾಟುತ್ತಾ ಕುಗ್ಗಿಹೋಗಿವೆ. ಅಂಥದ್ದನ್ನು 12x18 ಹಾಕಿಸಿದರೆ ನೀರೂ ಕಲ್ಲೂ ಕಲಸಿಹೋಗಿ ಕಾಣುತ್ತದೆ. ಫೋಟೋ ತೆಗೆದವರಿಂದ ಅಸಲಿ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ.

ಇನ್ನೊಂದು, ಅಳತೆಯ ಪ್ರಮಾಣ. ಹೆಚ್ಚಿನ ಫೋನುಗಳ ಫೋಟೋ 4:3 ಪ್ರಮಾಣದ್ದು. 8x12, 12x18 ಪ್ರಿಂಟ್ 3:2 ಪ್ರಮಾಣದ್ದು. ಸುಮ್ನೆ ಕೊಟ್ಟುಬಂದರೆ ಲ್ಯಾಬಿನವರು ಅಂಚು ಕತ್ತರಿಸುತ್ತಾರೆ, ಕೋಟೆಯ ಬುರುಜಿನ ತುದಿ ಹೋಗಿರುತ್ತದೆ. ಫೋನಿನ ಫೋಟೋಗೆ 6x8, 9x12, 12x16 ಕೇಳಿ. ಏನೂ ಕತ್ತರಿಸಬೇಕಾಗಿಲ್ಲ.

4. ಗೋಡೆ ನೋಡಿ

ನಮ್ಮ ಕಡೆ ಮಲೆನಾಡಿನ ಮಳೆ ಇಲ್ಲ, ಹಾಗಂತ ಗೋಡೆಗೆ ತೇವ ಇಲ್ಲ ಅಂದುಕೊಳ್ಳಬೇಡಿ. ಹಳೇ ಮಾಳಿಗೆ ಮನೆಗಳಲ್ಲಿ ಮೇಲಿಂದ ಇಳಿಯುತ್ತದೆ, ಹೊಸ ಮನೆಗಳಲ್ಲಿ ಬಚ್ಚಲ ಗೋಡೆಯಿಂದ ಬರುತ್ತದೆ. ಪರೀಕ್ಷೆ ಸುಲಭ: ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಒಳಗೆ ಪಸೆ ಕಂಡರೆ ಆ ಗೋಡೆ ಬೇಡ.

ಬಿಸಿಲಿನ ವಿಷಯಕ್ಕೆ ಬರೋಣ. ಪೂರ್ವಕ್ಕೆ ಬಾಗಿಲಿರುವ ಮನೆಗಳಲ್ಲಿ ಬಾಗಿಲ ಎದುರಿನ ಗೋಡೆಗೆ ಹಿರಿಯರ ಫೋಟೋ ಹಾಕುವುದು ರೂಢಿ. ಬೆಳಗಿನ ಬಿಸಿಲು ನೇರವಾಗಿ ಬೀಳುವುದೂ ಅದೇ ಗೋಡೆಗೆ. ಅಲ್ಲಿ ಹಾಕಲೇಬೇಕು ಅಂದರೆ ಪ್ರತಿ ಹಾಕಿ, ಮಾಸಿದಾಗ ಇನ್ನೊಂದು ಪ್ರಿಂಟ್ ಹಾಕಿಸಬಹುದು. ಅಸಲಿ ಫೋಟೋಗಳಿಗೆ ಪಕ್ಕದ ಗೋಡೆ ಒಳ್ಳೆಯದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ತುಂಬಾ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ನೋಡಿ ತೀರ್ಮಾನ ಮಾಡಿದವರು ಇದನ್ನು ಮರೆತಿರುತ್ತಾರೆ.

ಅಡುಗೆಮನೆಯ ಒಗ್ಗರಣೆ ಹೊಗೆ ಬರುವ ಗೋಡೆ, ದೇವರ ಮನೆಯ ಊದುಬತ್ತಿ ಹೊಗೆ ತಾಗುವ ಗೋಡೆ, ಇವೂ ಬೇಡ.

5. ಮೌಂಟ್: ಇಲ್ಲಿ ಸಮಯ ಕೊಡಿ

"ಮೌಂಟ್ ಚೆಂದಕ್ಕೆ ತಾನೇ, ಬೇಡ ಬಿಡಿ" ಅಂತ ಖರ್ಚು ಉಳಿಸುವವರು ಜಾಸ್ತಿ. ಚೆಂದ ಆಮೇಲಿನ ಮಾತು. ಮೌಂಟ್‌ನ ಮೊದಲ ಕೆಲಸ ಫೋಟೋ ಗಾಜಿಗೆ ತಾಗದಂತೆ ನೋಡಿಕೊಳ್ಳುವುದು. ಅದರ ದಪ್ಪ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್ ಆಸುಪಾಸು. ಅಷ್ಟು ಸಂದು ಸಾಕು, ಮೇಲೆ ಹೇಳಿದ ಅಂಟಿಕೊಳ್ಳುವ ಕಾಟ ತಪ್ಪುತ್ತದೆ.

ಆದರೆ ತಪ್ಪು ಮೌಂಟ್ ಹಾಕಿದರೆ ಅದೇ ಫೋಟೋಗೆ ಮುಳುವು. ಅಗ್ಗದ ಮೌಂಟ್ ಮರದ ತಿರುಳಿನಿಂದ ಮಾಡಿದ್ದು. ಅದರಲ್ಲಿ ಲಿಗ್ನಿನ್ ಅನ್ನುವ ವಸ್ತು ಇರುತ್ತದೆ, ಮರಕ್ಕೆ ಗಟ್ಟಿತನ ಕೊಡುವುದು ಅದೇ. ಕಾಲ ಕಳೆದಂತೆ ಅದು ಕೆಟ್ಟು ಆಸಿಡ್ ಆಗುತ್ತದೆ, ಕಾಗದ ಹಳದಿಯಾಗಿ ಪುಡಿಪುಡಿಯಾಗುತ್ತದೆ. ನಿಮ್ಮ ಮನೆಯಲ್ಲಿ ಹತ್ತಿಪ್ಪತ್ತು ವರ್ಷದ ಹಿಂದೆ ಮೌಂಟ್ ಹಾಕಿಸಿದ ಫೋಟೋ ಇದ್ದರೆ ಹತ್ತಿರದಿಂದ ನೋಡಿ. ಕಿಟಕಿಯ ಅಂಚನ್ನು ಓರೆಯಾಗಿ ಕತ್ತರಿಸಿರುತ್ತಾರಲ್ಲ, ಅದು ಮೊದಲು ಬೆಳ್ಳಗಿರುತ್ತದೆ. ಈಗ ಟೀ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಆಸಿಡ್ ಇದೆ. ಮೌಂಟ್ ಎತ್ತಿ ನೋಡಿದರೆ ಫೋಟೋದ ಮೇಲೂ ಕಿಟಕಿಯ ಅಳತೆಗೆ ಸರಿಯಾಗಿ ಕಂದು ಗೆರೆ ಬಿದ್ದಿರುತ್ತದೆ. ಆ ಗೆರೆ ಹೋಗುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಮೌಂಟ್ ಹತ್ತಿ ನಾರಿನದು. ಹತ್ತಿಯಲ್ಲಿ ಲಿಗ್ನಿನ್ ಇಲ್ಲವೆನ್ನುವಷ್ಟು ಕಮ್ಮಿ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ದಾವಣಗೆರೆಯವರಿಗೆ ಹತ್ತಿಯ ಗುಣ ಬಿಡಿಸಿ ಹೇಳಬೇಕಿಲ್ಲ. ವ್ಯಾಪಾರದಲ್ಲಿ ಇದನ್ನು ಕಾಟನ್ ರ್‍ಯಾಗ್ ಬೋರ್ಡ್ ಅಥವಾ ಮ್ಯೂಸಿಯಂ ಬೋರ್ಡ್ ಅನ್ನುತ್ತಾರೆ. ಬೆಲೆ ಜಾಸ್ತಿ. ಅದಕ್ಕಿಂತ ಕಮ್ಮಿ ಬೆಲೆಯ, ಮರದ ತಿರುಳಿನಿಂದ ಲಿಗ್ನಿನ್ ತೆಗೆದು ಮಾಡಿದ ಬೋರ್ಡ್ ಕೂಡ ಮನೆಗೆ ಸಾಕು.

ಕೊಳ್ಳುವಾಗ ಬರೀ "ಆಸಿಡ್ ಫ್ರೀ" ಅನ್ನುವ ಚೀಟಿ ನಂಬಬೇಡಿ. ಸಾಮಾನ್ಯ ತಿರುಳಿಗೆ ಸುಣ್ಣದ ಅಂಶ ಬೆರೆಸಿ ಸದ್ಯಕ್ಕೆ ಆಸಿಡ್ ಇಲ್ಲ ಅನ್ನಿಸಬಹುದು, ಲಿಗ್ನಿನ್ ಒಳಗೇ ಇರುತ್ತದೆ. "ಆಸಿಡ್ ಫ್ರೀ, ಲಿಗ್ನಿನ್ ಫ್ರೀ ಎರಡೂ ಇದೆಯಾ?" ಅಂತ ಕೇಳಿ. ಫೋಟೋ ಪಕ್ಕದಲ್ಲಿ ಇಡಲು ಯೋಗ್ಯವೋ ಅಲ್ಲವೋ ಅಂತ ನೋಡುವ ಪಿ.ಎ.ಟಿ. ಅನ್ನುವ ಪರೀಕ್ಷೆ ಇದೆ, ಐಎಸ್ಒ 18916 ಅಂತ ಅದರ ಸಂಖ್ಯೆ. ಬೋರ್ಡಿನ ವಿವರದಲ್ಲಿ ಅದು ಪಾಸಾಗಿದೆ ಅಂತ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ.

ನಿಮ್ಮ ಊರಿನ ಅಂಗಡಿಯಲ್ಲಿ ಇದು ಸಿಗದಿದ್ದರೆ ಬೆಂಗಳೂರಿನಿಂದ ಇಲ್ಲವೇ ಆನ್‌ಲೈನ್‌ನಲ್ಲಿ ಹಾಳೆ ತರಿಸಿ, ಕತ್ತರಿಸುವ ಕೆಲಸ ಮಾತ್ರ ಅಂಗಡಿಯವರಿಗೆ ಕೊಡಿ. 32x40 ಇಂಚಿನ ಒಂದು ಹಾಳೆಯಲ್ಲಿ 12x16 ಇಂಚಿನ ಆರು ತುಂಡು ಬರುತ್ತವೆ. ಒಂದು ಫೋಟೋಗೆ ಮುಂದೆ ಕಿಟಕಿಯದ್ದೊಂದು, ಬೆನ್ನಿಗೊಂದು, ಹೀಗೆ ಎರಡು ಬೇಕು. ಅಂದರೆ ಮೂರು ಫೋಟೋಗೆ ಒಂದು ಹಾಳೆ. ಬೆನ್ನಿನ ತುಂಡನ್ನು ಬಿಡಬೇಡಿ. ಮುಂದೆ ಒಳ್ಳೆಯ ಮೌಂಟ್ ಹಾಕಿ, ಬೆನ್ನಿಗೆ ಬರೀ ಹಾರ್ಡ್‌ಬೋರ್ಡ್ ತಾಗಿಸಿದರೆ ಮಾಡಿದ ಖರ್ಚೆಲ್ಲಾ ವ್ಯರ್ಥ. ಹಾರ್ಡ್‌ಬೋರ್ಡೂ ಮರದ ತಿರುಳೇ ಅಲ್ವಾ?

ಇಷ್ಟೆಲ್ಲಾ ಅಸಲಿ ಫೋಟೋಗಳಿಗೆ. ಪ್ರತಿ ಹಾಕಿಸುವಾಗ ಅಂಗಡಿಯ ಸಾಮಾನ್ಯ ಮೌಂಟ್ ಸಾಕು, ನಿಶ್ಚಿಂತೆಯಿಂದ ಹಾಕಿಸಿ.

ಬಣ್ಣದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಬೆಣ್ಣೆ ಬಿಳುಪು ಅಥವಾ ಕೆನೆ ಬಣ್ಣ ಬಿಟ್ಟು ಬೇರೆ ಬೇಡ. ಹಳೇ ಫೋಟೋದ ಬಿಳಿ ಭಾಗ ಕಾಲಕ್ಕೆ ಕೆನೆಗಟ್ಟಿರುತ್ತದೆ. ಅದರ ಪಕ್ಕ ಹಾಲುಬಿಳುಪಿನ ಮೌಂಟ್ ಇಟ್ಟರೆ ಫೋಟೋ ಕೊಳಕಾಗಿ ಕಾಣುತ್ತದೆ. ಮೌಂಟ್ ಯಾವತ್ತೂ ಫೋಟೋದ ಬಿಳುಪಿಗಿಂತ ಒಂದು ಚೂರು ಮಂದ ಇರಲಿ. ಕೋಟೆಯ ಬಂಡೆಗಳ ಫೋಟೋಗೂ ಇದೇ ಒಪ್ಪುತ್ತದೆ. ಸೀರೆಯ ಬಣ್ಣ ನೋಡಿ ಕೆಂಪು ಮೌಂಟ್, ಹಸಿರು ಮೌಂಟ್ ಹಾಕಿಸಿದರೆ ಮೊದಲು ಕಣ್ಣಿಗೆ ಬೀಳುವುದು ಮೌಂಟ್, ಆಮೇಲೆ ಅಮ್ಮನ ಮುಖ. ತುಂಡುಗಳನ್ನು ಮನೆಗೆ ತಂದು ನಿಮ್ಮ ಹಾಲ್‌ನ ಬೆಳಕಿನಲ್ಲೇ ನೋಡಿ. ಅಂಗಡಿಯ ಬಿಳಿ ಲೈಟಿನಲ್ಲಿ ಬಣ್ಣ ಬೇರೆ ಕಾಣುತ್ತದೆ.

6. ಅಳತೆ ಹಾಕುವುದು

ಫೋಟೋವನ್ನು ನೀವೇ ಅಳೆಯಿರಿ. 8x12 ಅಂತ ಹೇಳಿ ಕೊಟ್ಟ ಪ್ರಿಂಟ್ ಒಂದೆರಡು ಮಿಲಿಮೀಟರ್ ಕಮ್ಮಿ ಇರುವುದುಂಟು. ಕಿಟಕಿ ಫೋಟೋಗಿಂತ ಪ್ರತಿ ಬದಿಯಲ್ಲೂ ಸುಮಾರು 3 ಮಿಲಿಮೀಟರ್ ಚಿಕ್ಕದಿರಬೇಕು, ಇಲ್ಲದಿದ್ದರೆ ಫೋಟೋ ಕಿಟಕಿಯಿಂದ ಆಚೆ ಜಾರುತ್ತದೆ.

ಒಂದು ಉದಾಹರಣೆ. 8x12 ಫೋಟೋಗೆ ಕಿಟಕಿ ಏಳೂಮುಕ್ಕಾಲು ಇಂಚು, ಹನ್ನೊಂದೂಮುಕ್ಕಾಲು ಇಂಚು. ಮೌಂಟ್‌ನ ಹೊರ ಅಳತೆ 12x16. ಆಗ ನಾಲ್ಕೂ ಕಡೆ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ ಅಂಚು ಉಳಿಯುತ್ತದೆ. ಪಟ್ಟಿಯ ಕಚ್ಚಿನ ತುಟಿ ಸುತ್ತಲೂ ಕಾಲು ಇಂಚು ಮುಚ್ಚುತ್ತದೆ, ಕಣ್ಣಿಗೆ ಕಾಣುವುದು ಎರಡು ಇಂಚಿಗೆ ಚೂರು ಕಮ್ಮಿ. ಇದು ಹದವಾದ ಅಳತೆ. ಕೆಳಗಿನ ಅಂಚನ್ನು ಕಾಲು ಇಂಚೋ ಅರ್ಧ ಇಂಚೋ ಅಗಲ ಮಾಡಿಸಿದರೆ ಫೋಟೋ ಕೆಳಗೆ ಜಾರಿದಂತೆ ಕಾಣುವುದಿಲ್ಲ. ಹಾಗೆ ಮಾಡಿಸುವುದಾದರೆ ಫ್ರೇಮಿನ ಎತ್ತರವನ್ನೂ ಅಷ್ಟೇ ಹೆಚ್ಚಿಸಲು ಹೇಳಿ.

ಚಿಕ್ಕ ಫೋಟೋಗೆ ಚಿಕ್ಕ ಮೌಂಟ್ ಅನ್ನುವ ನಿಯಮ ಇಲ್ಲ. 4x6 ಫೋಟೋವನ್ನು 11x14 ಫ್ರೇಮಿನಲ್ಲಿ ಅಗಲವಾದ ಮೌಂಟ್ ಹಾಕಿಸಿ ನೋಡಿ, ಜನ ಹತ್ತಿರ ಬಂದು ನೋಡುತ್ತಾರೆ. ಮೌಂಟ್ ಅಗಲ, ಪಟ್ಟಿಯ ಅಗಲ ಎರಡೂ ಒಂದೇ ಇರಬಾರದು, ಅಷ್ಟೇ.

ಹಳೇ ಫೋಟೋಗಳಲ್ಲಿ ಎರಡು ಬಗೆಯವನ್ನು ಹುಷಾರಾಗಿ ನೋಡಿ. ದಪ್ಪ ರಟ್ಟಿಗೆ ಅಂಟಿಸಿ, ಕೆಳಗೆ ಸ್ಟುಡಿಯೋ ಹೆಸರನ್ನೂ ಊರನ್ನೂ ಉಬ್ಬಚ್ಚಿನಲ್ಲಿ ಒತ್ತಿರುವ ಫೋಟೋಗಳು ಒಂದು. ಶಾಲೆಯದ್ದೋ ಗಿರಣಿಯದ್ದೋ ಗ್ರೂಪ್ ಫೋಟೋ ಆದರೆ ಕುರ್ಚಿಯ ಸಾಲಿನವರು, ನಿಂತವರು ಅಂತ ಹೆಸರುಗಳೂ ಅಲ್ಲೇ ಇರುತ್ತವೆ. ಅಂಗಡಿಯವರು ಫ್ರೇಮಿಗೆ ಹೊಂದಿಸಲು ಆ ರಟ್ಟನ್ನೇ ಕತ್ತರಿಸಿಬಿಡುತ್ತಾರೆ. ಫೋಟೋ ಮಾತ್ರ ಉಳಿಯುತ್ತದೆ, ಅದರಲ್ಲಿರುವವರು ಯಾರು ಅನ್ನುವುದು ಹೋಗುತ್ತದೆ. "ರಟ್ಟು ಕತ್ತರಿಸಬಾರದು, ಹೆಸರು ಕಾಣಬೇಕು" ಅಂತ ಚೀಟಿಯಲ್ಲಿ ಬರೆದುಕೊಡಿ. ಇನ್ನೊಂದು, ಅಂಚು ಗರಗಸದಂತೆ ಹಲ್ಲುಹಲ್ಲಾಗಿರುವ ಪುಟ್ಟ ಕಪ್ಪು-ಬಿಳುಪು ಫೋಟೋಗಳು. ಆ ಅಂಚೇ ಅವುಗಳ ಚೆಲುವು. ಕಿಟಕಿಯನ್ನು ಫೋಟೋಗಿಂತ ಸುತ್ತಲೂ ಕಾಲು ಇಂಚು ದೊಡ್ಡದಾಗಿ ಮಾಡಿಸಿ, ಹಲ್ಲುಗಳು ಪೂರ್ತಿ ಕಾಣಲಿ.

7. ಫೋಟೋವನ್ನು ಕೂರಿಸುವುದು

ಫೆವಿಕಾಲ್, ಡಬಲ್ ಸೈಡ್ ಟೇಪ್, ಸೆಲ್ಲೋ ಟೇಪ್, ಮೈದಾ ಅಂಟು: ಅಸಲಿ ಫೋಟೋಗೆ ಯಾವುದೂ ಬೇಡ. ಟೇಪಿನ ಅಂಟು ಹಳದಿಯಾಗಿ ಒಳಗೆ ಇಳಿಯುತ್ತದೆ. ಮೈದಾಕ್ಕೆ ಬೆಳ್ಳಿ ಹುಳ ಬರುತ್ತದೆ, ಬಂದದ್ದು ಫೋಟೋದ ಜೆಲಾಟಿನನ್ನೂ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಕೂಡಲೇ ಕೂಡದು. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಫೋಟೋ ಹಾಳಾಗದಂತೆ ಬಿಡಿಸುವುದು ಆಗದ ಮಾತು.

ಪಾಲಿಯೆಸ್ಟರ್‌ನ ಪಾರದರ್ಶಕ ಫೋಟೋ ಕಾರ್ನರ್ ಸಿಗುತ್ತವೆ. ಫೋಟೋದ ನಾಲ್ಕು ಮೂಲೆಗೆ ಸಿಕ್ಕಿಸಿ, ಕಾರ್ನರನ್ನು ಮಾತ್ರ ಬೆನ್ನಿನ ಬೋರ್ಡಿಗೆ ಅಂಟಿಸಬೇಕು. ಫೋಟೋಗೆ ಅಂಟು ತಾಗುವುದೇ ಇಲ್ಲ, ಬೇಕಾದಾಗ ಜಾರಿಸಿ ತೆಗೆಯಬಹುದು. ಮೂಲೆಯಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ. ನಮ್ಮ ಏಪ್ರಿಲ್ ಬಿಸಿಲಿಗೂ ಮಳೆಗಾಲದ ತಂಪಿಗೂ ಕಾಗದ ಕುಗ್ಗಿ ಹಿಗ್ಗುತ್ತದೆ, ಬಿಗಿಯಾಗಿದ್ದರೆ ಮಧ್ಯೆ ಉಬ್ಬುತ್ತದೆ.

8. ಗಾಜು

12x18ರವರೆಗೆ 2 ಮಿಲಿಮೀಟರ್ ಸಾದಾ ಗಾಜು ಸಾಕು. ದೊಡ್ಡದಾದಂತೆ ತೂಕದ ಲೆಕ್ಕ ಇಡಿ: 20x24 ಇಂಚಿಗೆ ಈ ಗಾಜೇ ಒಂದೂವರೆ ಕೆಜಿ ತೂಗುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಅಕ್ರಿಲಿಕ್ ಹಾಳೆ ಮೇಲು. ಹಗುರ, ಮಕ್ಕಳ ಚೆಂಡು ಬಿದ್ದರೂ ಚೂರಾಗುವುದಿಲ್ಲ. ಆದರೆ ಬೇಗ ಗೀರು ಬೀಳುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ. ರಸ್ತೆ ಬದಿಯ ಮನೆಗಳಲ್ಲಿ ಇದು ಕಾಟವೇ.

ಬೆಳಕು ಪ್ರತಿಫಲಿಸದ ಮ್ಯಾಟ್ ಗಾಜನ್ನು ಮೌಂಟ್ ಜೊತೆ ಹಾಕಿಸಬೇಡಿ. ಫೋಟೋದಿಂದ ದೂರ ಆದಷ್ಟೂ ಅದು ಚಿತ್ರವನ್ನು ಮಸುಕು ಮಾಡುತ್ತದೆ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಯುವಿ ಗಾಜು ಸಿಕ್ಕಿದರೆ ಅಸಲಿ ಫೋಟೋಗೆ ಒಳ್ಳೆಯದು. ಆದರೂ ಅದು ಪೂರ್ತಿ ರಕ್ಷಣೆ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ಮಾಸಿಸುತ್ತದೆ.

9. ಈಗ ಪಟ್ಟಿ

ಮನೆಯಲ್ಲಿ ಹಳೇ ಸಾಗುವಾನಿ ಕಟ್ಟುಗಳಿದ್ದರೆ ಅವನ್ನೇ ಉಳಿಸಿಕೊಳ್ಳಿ. ಅಂಥ ಮರ ಈಗ ಅದೇ ಬೆಲೆಗೆ ಸಿಗುವುದಿಲ್ಲ. ಒರೆಸಿ, ಮೂಲೆ ಬಿಗಿ ಮಾಡಿಸಿ, ಒಳಗೆ ಹೊಸ ಮೌಂಟ್, ಹೊಸ ಬ್ಯಾಕಿಂಗ್ ಹಾಕಿಸಿ. ಹೊಸದಾದರೆ ಕಪ್ಪು, ಕಡು ಕಂದು ಅಥವಾ ಸಾದಾ ಮರದ ಬಣ್ಣದ, ಮುಕ್ಕಾಲರಿಂದ ಒಂದು ಇಂಚಿನ ಪಟ್ಟಿ. ಗೆದ್ದಲು ಇರುವ ಹಳೇ ಮಣ್ಣಿನ ಗೋಡೆಗೆ ಫೈಬರ್ ಇಲ್ಲವೇ ಅಲ್ಯೂಮಿನಿಯಂ ಸೂಕ್ತ.

ಕಚ್ಚಿನ ಆಳ ನೋಡುವುದನ್ನು ಮರೆಯಬೇಡಿ. ಗಾಜು 2, ಕಿಟಕಿ ಮೌಂಟ್ ಒಂದೂವರೆ, ಬೆನ್ನಿನ ಬೋರ್ಡ್ ಒಂದೂವರೆ, ಹಲಗೆ 3. ಒಟ್ಟು 8 ಮಿಲಿಮೀಟರ್. ಕಚ್ಚು ಕನಿಷ್ಠ 10 ಇರಬೇಕು. ಕಮ್ಮಿ ಇದ್ದರೆ ಅಂಗಡಿಯವರು ಬೆನ್ನಿನ ಬೋರ್ಡನ್ನೇ ತೆಗೆದುಬಿಡುತ್ತಾರೆ.

ಪಟ್ಟಿಗೆ ಅಡಿ ಲೆಕ್ಕದಲ್ಲಿ ದುಡ್ಡು. 12x16 ಫ್ರೇಮಿಗೆ ಸುತ್ತಳತೆ 56 ಇಂಚು. ಮೂಲೆಗಳನ್ನು ಓರೆಯಾಗಿ ಕತ್ತರಿಸುವುದರಿಂದ ಪಟ್ಟಿಯ ಅಗಲದ ಎಂಟು ಪಟ್ಟು ಜಾಸ್ತಿ ಬೇಕು. ಒಂದು ಇಂಚಿನ ಪಟ್ಟಿಗೆ ಒಟ್ಟು 64 ಇಂಚು, ಅಂದರೆ ಐದಡಿ ನಾಲ್ಕಿಂಚು. ಮೊದಲೇ ಲೆಕ್ಕ ಹಾಕಿಕೊಂಡು ಹೋಗಿ.

ಕೊಟ್ಟು ಬರುವಾಗ ಇಷ್ಟು ಹೇಳಿ: "ಅಣ್ಣಾ, ಫೋಟೋಗೆ ಅಂಟು ಹಾಕಬೇಡಿ. ಬೆನ್ನಿಗೆ ನಾನು ಕೊಟ್ಟ ಬೋರ್ಡೇ ಇರಲಿ. ಹಿಂದೆ ಪೂರ್ತಿ ಬ್ರೌನ್ ಪೇಪರ್ ಅಂಟಿಸಿ." ಆ ಪೇಪರ್ ಧೂಳನ್ನೂ ಹುಳವನ್ನೂ ತಡೆಯುತ್ತದೆ. ವಾಪಸ್ ತರುವಾಗ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ. ಉಗುರು ಸಿಕ್ಕಿಕೊಂಡರೆ ಜೋಡಣೆ ಸರಿಯಾಗಿಲ್ಲ, ಅಲ್ಲೇ ಸರಿ ಮಾಡಿಸಿಕೊಳ್ಳಿ.

10. ಗೋಡೆಗೆ ಹಾಕುವುದು

ಪ್ರತಿ ಫ್ರೇಮಿನ ಅಳತೆಗೆ ಹಳೇ ಪೇಪರ್ ಕತ್ತರಿಸಿ, ಮೊದಲು ಅವನ್ನು ಗೋಡೆಗೆ ಅಂಟಿಸಿ ನೋಡಿ. ಒಂದು ದಿನ ಹಾಗೇ ಬಿಡಿ. ಮನೆಯವರೆಲ್ಲಾ ನೋಡಿ, ಆ ಕಡೆ ಈ ಕಡೆ ಸರಿಸಿ ಒಪ್ಪಿದ ಮೇಲೆ ಮೊಳೆ. ಫ್ರೇಮುಗಳ ನಡುವೆ ಎರಡರಿಂದ ಮೂರು ಇಂಚು ಜಾಗ, ಎಲ್ಲಾ ಕಡೆ ಒಂದೇ ಸಮ. ಫ್ರೇಮ್ ಬೇರೆಬೇರೆ ಇದ್ದರೂ ಪರವಾಗಿಲ್ಲ, ಮೌಂಟ್ ಬಣ್ಣ ಒಂದೇ ಇದ್ದರೆ ಅಜ್ಜನ ಫೋಟೋವೂ ನಿಮ್ಮ ಕೋಟೆ ಫೋಟೋವೂ ಒಂದೇ ಮನೆಯದ್ದಾಗಿ ಕಾಣುತ್ತವೆ.

ಹಳೇ ಮನೆಗಳಲ್ಲಿ ಫೋಟೋಗಳನ್ನು ಬಾಗಿಲಿನ ಮೇಲೆ, ಮುಂದಕ್ಕೆ ವಾಲಿಸಿ ಕಟ್ಟುತ್ತಿದ್ದರು. ಹಿಂದಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತಿತ್ತು. ಗೌರವಕ್ಕೆ ಎತ್ತರದಲ್ಲಿ ಇರಲಿ ಅನ್ನುವುದು ಸರಿ, ಆದರೆ ಮುಖ ನೋಡಲು ಕತ್ತು ನೋಯಬಾರದು. ನೆಲದಿಂದ ಫೋಟೋದ ನಡುಮಧ್ಯಕ್ಕೆ 57ರಿಂದ 60 ಇಂಚು ಹದವಾದ ಎತ್ತರ. ತುಂಬಾ ಫೋಟೋ ಇದ್ದರೆ ಇಡೀ ಗುಂಪಿನ ಮಧ್ಯವನ್ನು ಆ ಎತ್ತರಕ್ಕೆ ಹೊಂದಿಸಿ. ಸೋಫಾ ಮೇಲೆ ಹಾಕುವುದಾದರೆ ಒರಗುವ ತಲೆ ತಾಗದಷ್ಟು ಜಾಗ ಬಿಡಿ.

ಸಿಮೆಂಟ್ ಗೋಡೆಗೆ ಡ್ರಿಲ್ ಮಾಡಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ. ಮಣ್ಣಿನ ಗೋಡೆಯಲ್ಲಿ ಮೊಳೆ ಸಡಿಲ ಆಗುತ್ತದೆ, ಅಲ್ಲಿ ಮರದ ಗೂಟ ಹೊಡೆದು ಅದಕ್ಕೆ ಮೊಳೆ ಹಾಕಿ. ದೊಡ್ಡ ಫ್ರೇಮಿಗೆ ಎರಡು ಮೊಳೆ ಇದ್ದರೆ ಓರೆಯಾಗುವುದಿಲ್ಲ. ಹಿಂಬದಿಯ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ.

11. ಹಾರ, ಕುಂಕುಮ, ಒರೆಸುವುದು

ಹಿರಿಯರ ಫೋಟೋಗೆ ಹಾರ ಹಾಕುತ್ತೇವೆ, ಕುಂಕುಮ ಇಡುತ್ತೇವೆ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಪೂಜೆಗೆ ಪ್ರತಿ ಇಡಿ, ಅಸಲಿ ಬೇಡ. ಒದ್ದೆ ಹೂವಿನ ನೀರು ಗಾಜಿನ ಮೇಲೆ ಇಳಿದು ಕೆಳಗಿನ ಪಟ್ಟಿಯ ಸಂದಿಗೆ ಸೇರುತ್ತದೆ, ಅಲ್ಲಿಂದ ಮೌಂಟ್ ಮೇಲಕ್ಕೆ ಹೀರಿಕೊಳ್ಳುತ್ತದೆ. ಹೂವನ್ನು ನೀರು ಝಾಡಿಸಿ ಹಾಕಿ, ಬಾಡಿದ ಹಾರ ಅದೇ ದಿನ ತೆಗೆಯಿರಿ. ಹಾರಕ್ಕೆ ಪಟ್ಟಿಯ ಮೇಲೆ ಬೇರೆ ಚಿಕ್ಕ ಕೊಕ್ಕೆ ಹಾಕಿಸಿದರೆ ಫ್ರೇಮ್ ಎಳೆದಾಡುವುದು ತಪ್ಪುತ್ತದೆ.

ಗಾಜು ಒರೆಸುವ ಸ್ಪ್ರೇಯನ್ನು ನೇರವಾಗಿ ಗಾಜಿನ ಮೇಲೆ ಹೊಡೆಯಬೇಡಿ, ಬಟ್ಟೆಗೆ ಹಾಕಿ ಒರೆಸಿ. ಅಕ್ರಿಲಿಕ್‌ಗೆ ಸ್ಪ್ರೇ ಬೇಡ, ಸ್ವಲ್ಪ ಒದ್ದೆ ಮಾಡಿದ ಹತ್ತಿ ಬಟ್ಟೆ ಸಾಕು. ಫ್ರೇಮಿನೊಳಗೆ ನುಸಿ ಗುಳಿಗೆ ಹಾಕುವ ಅಭ್ಯಾಸವಿದ್ದರೆ ನಿಲ್ಲಿಸಿ.

ಮಹಾಲಯ ಅಮಾವಾಸ್ಯೆಗೆ ಹೇಗೂ ಫೋಟೋಗಳನ್ನು ಇಳಿಸುತ್ತೀರಿ. ಆಗ ಹಿಂಬದಿಯನ್ನೂ ತಿರುಗಿಸಿ ನೋಡಿ. ಬ್ರೌನ್ ಪೇಪರ್ ಹರಿದಿದ್ದರೆ ಬೇರೆ ಅಂಟಿಸಿ. ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಅದು ಗೋಡೆಯ ಯಾವ ಜಾಗದಿಂದ ಬಂದಿದೆ ಅಂತ ಹುಡುಕಿ, ಅಲ್ಲಿಗೆ ಔಷಧಿ ಹೊಡೆಸಿ, ಫೋಟೋಗೆ ಬೇರೆ ಗೋಡೆ ಹುಡುಕಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದಂತೆ ಕಂಡರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಅವತ್ತೇ ಬಿಚ್ಚಿ, ಫೋಟೋವನ್ನು ಫ್ಯಾನಿನ ನೇರ ಗಾಳಿಗಾಗಲಿ ಬಿಸಿಲಿಗಾಗಲಿ ಇಡದೆ ನೆರಳಿನಲ್ಲಿ ಬಟ್ಟೆಯ ಮೇಲೆ ಆರಲು ಬಿಡಿ. ಮೌಂಟ್‌ಗೆ ಪಸೆ ಹಿಡಿದಿದ್ದರೆ ಅದನ್ನು ಮತ್ತೆ ಬಳಸಬೇಡಿ.